ಆರ್ಲಿಸ್ ನಿಂತ ಮೂಲೆ

ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು ಆರ್ಲಿಸ್. ಯಾರ ಕೈಯಲ್ಲಾದರೂ ಖಾಲಿ ಲೋಟ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಅಯೋವಾದ ಆ ಪುಟ್ಟ ಊರಿನವರು ತಮ್ಮ ಪಕ್ಷದಿಂದ ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕೆಂದು ಆರಿಸುವ ಸಂಜೆ, ಈ ಚಾಳಿಯೇ ಅವಳಿಗೆ ಮುಳುವಾಯಿತು.

ಅಲ್ಲಿ ಚೀಟಿಯೂ ಇಲ್ಲ, ಗುಟ್ಟೂ ಇಲ್ಲ. ಶಾಲೆಯ ಆಟದ ಹಾಲ್‌ನಲ್ಲಿ, ನೆರೆಹೊರೆಯವರ ಕಣ್ಣೆದುರೇ, ತಮಗೆ ಬೇಕಾದವರ ಮೂಲೆಗೆ ಹೋಗಿ ನಿಲ್ಲಬೇಕು. ಆ ಸಲ ಒಂದು ಮೂಲೆ ಉಳಿಯಬೇಕಾದರೆ ಹನ್ನೆರಡು ತಲೆ ಬೇಕಿತ್ತು.

ಆರ್ಲಿಸ್ ಮೇಯರಮ್ಮನ ಕಡೆ. ದೂರದ ಯಾವುದೋ ಪಟ್ಟಣದ ಮೇಯರ್ ಆಕೆ. ನವೆಂಬರಿನ ಹಿಮದಲ್ಲಿ ಪ್ರಚಾರಕ್ಕೆಂದು ಊರಿನ ಚರ್ಚಿಗೆ ಬಂದಾಗ ಕೇಳಲು ಕೂತಿದ್ದವರು ಒಂಬತ್ತೇ ಜನ. "ನಮ್ಮೂರ ಆಂಬುಲೆನ್ಸ್ ನಿಂತೋಯ್ತು, ಏನ್ಮಾಡೋದು?" ಎಂದು ಆರ್ಲಿಸ್ ಕೇಳಿದ್ದಳು.

"ನಂಗೆ ಗೊತ್ತಿಲ್ಲ. ತಿಳ್ಕೊಂಡು ಹೇಳ್ತೀನಿ."

ಮೂರು ವಾರ ಬಿಟ್ಟು ಆಕೆ ತಾನೇ ಫೋನ್ ಮಾಡಿದಳು. ಎರಡು ಊರು ಸೇರಿ ಒಂದು ಗಾಡಿ ಓಡಿಸುವ ಬಗೆಯನ್ನು ಅರ್ಧ ಗಂಟೆ ವಿವರಿಸಿದಳು. ಅಷ್ಟು ಸಾಕಾಗಿತ್ತು ಆರ್ಲಿಸ್‌ಗೆ. ಮನೆಮನೆ ತಿರುಗಿ ಹನ್ನೊಂದು ಜನರನ್ನು ಒಪ್ಪಿಸಿದಳು. ತಾನು ಹನ್ನೆರಡನೆಯವಳು.

ಎದುರು ಮೂಲೆ ಸೆನೆಟರನದು, ನಲವತ್ತು ಜನರಿಂದ ಗಿಜಿಗುಡುತ್ತಿತ್ತು. ಅಲ್ಲಿ ಮೈದುನ ಎಲ್ವಿನ್ ಖಾಲಿ ಲೋಟ ಹಿಡಿದು ನಿಂತಿದ್ದ. ಆರ್ಲಿಸ್ ಕಾಫಿ ಜಗ್ ಎತ್ತಿಕೊಂಡು ಹೊರಟೇಬಿಟ್ಟಳು. ಲೋಟ ತುಂಬುವುದಕ್ಕೂ ಸಭೆ ನಡೆಸುತ್ತಿದ್ದ ಹಾರ್ಲನ್ ಮೇಷ್ಟ್ರು ತಲೆ ಎಣಿಸುವುದಕ್ಕೂ ಸರಿಹೋಯಿತು.

"ಮೇಯರಮ್ಮನಿಗೆ ಹನ್ನೊಂದು!"

"ಅಯ್ಯೋ ಮೇಷ್ಟ್ರೇ, ನಾನು ಆ ಕಡೆಯವಳು!"

"ಕಾಲು ಎಲ್ಲಿದ್ರೆ ಓಟು ಅಲ್ಲೇ, ಆರ್ಲಿಸಮ್ಮ. ಇನ್ನು ಕಾಲು ಗಂಟೆ ಕೊಡ್ತೀನಿ, ಬೇಕಾದವ್ರು ಜಾಗ ಬದಲಾಯಿಸ್ಕೊಳ್ಳಿ. ಆಮೇಲೆ ಎಣಿಸಿದ್ದೇ ಕೊನೆ."

ಅವಳು ಓಡಿ ಬರುವಷ್ಟರಲ್ಲಿ, ಇನ್ನು ಗೆಲ್ಲುವ ಆಸೆಯಿಲ್ಲವೆಂದು ತಮ್ಮವರಲ್ಲೊಬ್ಬ ಸೆನೆಟರನ ಕಡೆ ಸೇರಿಬಿಟ್ಟಿದ್ದ. ಮತ್ತೆ ಹನ್ನೊಂದೇ!

"ಚೆನ್ನಾಗಿ ಬಡಿಸಿದ್ರಿ ಅತ್ತಿಗೆ, ನಮ್ಗೊಂದು ತಲೆ ಜಾಸ್ತೀನೇ!" ಎಲ್ವಿನ್ ನಕ್ಕ.

"ನಗು, ನಗು. ನಿನ್ ಸೆನೆಟರ್ ನಮ್ಮೂರಿಗೆ ಎಷ್ಟ್ ಸಲ ಬಂದ?"

"ಐದು ಸಲ! ಐದು ಸಲಾನೂ ನನ್ ಕೈ ಕುಲುಕಿದ್ದಾನೆ."

"ಐದನೇ ಸಲ ಏನಂದ?"

ಎಲ್ವಿನ್ ಗಂಟಲು ಸರಿಮಾಡಿಕೊಂಡ. "ನಿಮ್ ಹೆಸ್ರೇನು ಅಂದ."

ಎರಡೂ ಮೂಲೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆರ್ಲಿಸ್ ಮಾತ್ರ ನಗಲಿಲ್ಲ.

"ಎಲ್ವಿನ್, ನಿನ್ ಅಣ್ಣನಿಗೆ ಎದೆ ನೋವು ಬಂದಾಗ ಗಾಡಿ ಹತ್ತು ನಿಮಿಷಕ್ಕೆ ಬಂತು. ಆಮೇಲೆ ಏಳು ವರ್ಷ ಬದುಕಿದ್ರು. ಈಗ ನಿಂಗೇ ಬಂದ್ರೆ? ನಾನು ಕೇಳಿದ್ದು ಇದೊಂದೇ. ಉತ್ರ ಹುಡುಕಿ ತಂದವಳು ಅವಳೊಬ್ಳೇ."

ಎಲ್ವಿನ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಆಮೇಲೆ ಗೊಣಗುತ್ತಾ ಹಾಲ್‌ನ ನಟ್ಟನಡುವೆ ಹಾದು ಮೇಯರಮ್ಮನ ಮೂಲೆಗೆ ಹೆಜ್ಜೆ ಹಾಕಿದ. ಹಿಂದಿನಿಂದ ಅವನ ಕಡೆಯವರು "ಥೂ, ಪಕ್ಷದ್ರೋಹಿ!" ಎಂದು ಕೂಗಿ ಚಪ್ಪಾಳೆ ತಟ್ಟಿದರು.

"ಹನ್ನೆರಡು!" ಎಂದರು ಮೇಷ್ಟ್ರು. "ಮೇಯರಮ್ಮನ ಮೂಲೆ ಉಳೀತು. ಜಿಲ್ಲೆಯ ಸಭೆಗೆ ಈ ಗುಂಪಿಂದ ಯಾರು ಹೋಗ್ತೀರಿ?"

ಹನ್ನೊಂದು ಬೆರಳು ಆರ್ಲಿಸಳತ್ತ ತಿರುಗಿದವು. ಎಲ್ಲಕ್ಕಿಂತ ಮೊದಲು ಎದ್ದದ್ದು ಎಲ್ವಿನ್‌ನದು.