ಮಾವಿನ ಸೊನೆ ಹತ್ತಿದ ಚಾಕು

ಸೂಲಿಬೆಲೆಯ ಕೆಂಪರಾಜ್ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ದವಡೆಯಲ್ಲಿ ಹಿಡಿದು ಅಳೆಯುವ ಅದೇ ವರ್ನಿಯರ್. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೆರಳಿಗೇ ಗೊತ್ತಾಗಿಬಿಡುತ್ತಿತ್ತು.

ಮನೆಗೆ ಬಂದರೆ ಅವನಿಗೆ ಇನ್ನೊಂದು ಗೀಳು. ಹಳೆಯ ಮಡಚುವ ಚಾಕುಗಳನ್ನು ಕೂಡಿಡುತ್ತಿದ್ದ. ಹೊಸಕೋಟೆಯ ಗುಜರಿ ಅಂಗಡಿಗಳಲ್ಲಿ, ಸಂತೆಯಲ್ಲಿ ಗೋಣಿತಾಟು ಹಾಸಿಕೊಂಡು ತುಕ್ಕು ಸಾಮಾನು ಮಾರುವವರ ಹತ್ತಿರ ಕೂತು ಕೆದಕಿ ತರುತ್ತಿದ್ದ. ತಂದದ್ದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒರೆಸಿ, ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಬಟ್ಟೆ ಹಾಸಿ ಮಲಗಿಸುತ್ತಿದ್ದ. ಹಾಗೆ ಅರವತ್ತಮೂರು ಚಾಕುಗಳಿದ್ದವು. ಆದರೆ ಅವನಿಗೆ ನಿಜವಾಗಿ ಬೇಕಾಗಿದ್ದುದು ಚಾಕುವಲ್ಲ, ಅದು ಯಾರ ಜೇಬಿನಲ್ಲಿತ್ತು ಎಂಬುದು. ಅಲಗಿನ ಬುಡದಲ್ಲಿ ಒತ್ತಿದ ಅಕ್ಷರ, ಹಿಡಿಯ ಮೇಲೆ ಗೀಚಿದ ಗುರುತು, ರಿಪೇರಿ ಮಾಡಿಸಿದ ಜಾಗ, ಇಷ್ಟನ್ನೇ ಹಿಡಿದು ಊರೂರು ಕೇಳಿಕೊಂಡು ಹೋಗುತ್ತಿದ್ದ. ಒಮ್ಮೆ ಕೊಂಬಿನ ಹಿಡಿಯ ಒಂದು ಚಾಕುವಿನ ಬೆನ್ನುಹತ್ತಿ ಎರಡು ವರ್ಷ ಅಲೆದು, ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ಒಬ್ಬ ಪೋಸ್ಟ್ ಮಾಸ್ತರರ ಮಗಳನ್ನು ಪತ್ತೆ ಮಾಡಿದ. ಆ ಮುದುಕಿ ಚಾಕುವನ್ನು ನೋಡಿದವಳೇ, "ಅಯ್ಯೋ, ನಮ್ಮಪ್ಪನ ಅಂಗಿ ಜೇಬೆಲ್ಲಾ ತೂತು ಮಾಡಿದ್ದು ಇದೇ ಕಣಪ್ಪಾ" ಎಂದು ನಕ್ಕಳು. ಅದನ್ನೂ ಅವನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ.

ಅವನ ಅಣ್ಣ ಮುನಿಶಾಮಪ್ಪ ಅದೇ ಮನೆಯಲ್ಲಿದ್ದ. ಹನ್ನೊಂದು ವರ್ಷಕ್ಕೆ ದೊಡ್ಡವನು. ಮದುವೆಯಾಗಲಿಲ್ಲ. ಹೊಲ ನೋಡಿಕೊಳ್ಳುತ್ತಿದ್ದ, ಎರಡು ಹಸು ಕಟ್ಟಿದ್ದ, ಡೈರಿಗೆ ಹಾಲು ಹಾಕುತ್ತಿದ್ದ. ಮಾತು ಕಮ್ಮಿ. ಭಾನುವಾರ ಬೆಳಿಗ್ಗೆ ಹಾಲು ಹಾಕಿ ಹೊರಟರೆ ಸಂಜೆ ಹಾಲಿನ ಹೊತ್ತಿಗೆ ಬರುತ್ತಿದ್ದ. ಎಲ್ಲಿಗೆ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಹೊಸಕೋಟೆಗೋ ಎಲ್ಲಿಗೋ ಹೋಗುತ್ತಾನೆ ಅಂದುಕೊಂಡಿದ್ದರು.

ಆಷಾಢದ ಒಂದು ಭಾನುವಾರ ಸಂಜೆ ಫೋನ್ ಬಂತು. ದೇವನಹಳ್ಳಿಗೆ ಬಂದ ಬಸ್ಸಿನಲ್ಲಿ ಎಲ್ಲರೂ ಇಳಿದರೂ ಒಬ್ಬರು ಕಿಟಕಿಗೆ ತಲೆ ಆನಿಸಿ ಕೂತೇ ಇದ್ದರಂತೆ. ಕಂಡಕ್ಟರ್ ನಿದ್ದೆ ಅಂದುಕೊಂಡು ಭುಜ ತಟ್ಟಿದನಂತೆ. ಕೆಂಪರಾಜ್ ಹೋಗುವಷ್ಟರಲ್ಲಿ ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಹೊದಿಸಿದ್ದರು. ಹೃದಯ ನಿಂತಿದೆ ಎಂದರು. ಅವನು "ಸರಿ" ಎಂದ. ಎಲ್ಲಿ ಸಹಿ ಹಾಕಬೇಕೆಂದು ಕೇಳಿದ. ಒಂದು ಕವರಿನಲ್ಲಿ ಅಣ್ಣನ ಸಾಮಾನು ಕೊಟ್ಟರು. ಬಾಚಣಿಗೆ, ಕನ್ನಡಕ, ಫೋನು, ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ತೆಗೆದ ಟಿಕೆಟ್, ಮತ್ತೆ ಒಂದು ಮಡಚುವ ಚಾಕು.

ಮಣ್ಣು ಮಾಡಿದ್ದಾಯಿತು. ಹಾಲುತುಪ್ಪವಾಯಿತು. ನೆಂಟರು ಬಂದು ತಬ್ಬಿಕೊಂಡು ಅತ್ತರು. ಕೆಂಪರಾಜ್ ಅವರ ಬೆನ್ನು ಸವರಿ, ಊಟಕ್ಕೆ ಕೂತುಕೊಳ್ಳಿ ಎನ್ನುತ್ತಿದ್ದ. ಒಳಗೆ ಏನೋ ನಡೆಯಬೇಕಿತ್ತು, ನಡೆಯುತ್ತಿರಲಿಲ್ಲ. ಯಾರದೋ ಮನೆಯ ಸಾವಿಗೆ ಬಂದವನ ಹಾಗೆ ಓಡಾಡಿದ. ತಿಥಿಯ ಹಿಂದಿನ ದಿನ ಹೆಂಡತಿ ರುಕ್ಮಿಣಿ ರೂಮಿಗೆ ಬಂದು ನೋಡಿದರೆ ಅವನು ಆ ಚಾಕುವನ್ನು ವರ್ನಿಯರಿಗೆ ಸಿಕ್ಕಿಸಿಕೊಂಡು ಅಳತೆ ತೆಗೆಯುತ್ತಿದ್ದ.

"ಒಂದ್ಸಲ ಅತ್ತುಬಿಡ್ರೀ. ಎದೆ ಹಗುರಾಗುತ್ತೆ."

"ಬರ್ತಾ ಇಲ್ಲ ಕಣೇ."

"ಭಾವನ ಚಾಕು ಹಿಡ್ಕೊಂಡು ಇದೇನು ಆಟ?"

"ಇದು ಅಣ್ಣನದಲ್ಲ" ಎಂದ ಅವನು. "ಬೇರೆ ಯಾರದೋ."

ಅಲಗಿನ ಬುಡದ ಮುದ್ರೆ ಸವೆದು ಇಂಗ್ಲೆಂಡ್ ಎಂಬ ಪದವಷ್ಟೇ ಉಳಿದಿತ್ತು. ಎಪ್ಪತ್ತು ವರ್ಷವಾದರೂ ಆಗಿರಬೇಕು. ಕರಿಮರದ ಹಿಡಿ, ಬಲಗೈ ಹೆಬ್ಬೆರಳು ಕೂರುವ ಕಡೆ ಹಳ್ಳ ಬಿದ್ದಿತ್ತು. ಅಣ್ಣ ಎಡಚ. ಅಲಗನ್ನು ಒಂದೇ ಮಗ್ಗುಲಿಗೆ ಮಸೆದಿದ್ದರು. ಹಾಗೆ ಮಸೆಯುವುದು ಗಿಡಕ್ಕೆ ಕಸಿ ಕಟ್ಟುವವರು. ಅಲಗಿನ ತುಂಬ ಕಪ್ಪು ಕಲೆ. ಮೂಸಿ ನೋಡಿದ. ಮಾವಿನ ಸೊನೆ. ಹಿಡಿಯ ಮೂರು ಮೊಳೆಗಳಲ್ಲಿ ಎರಡು ಹಿತ್ತಾಳೆ. ಮೂರನೆಯದನ್ನು ಯಾರೋ ಸೈಕಲ್ ಚಕ್ರದ ಕಡ್ಡಿ ಕತ್ತರಿಸಿ ಬಡಿದು ಕೂರಿಸಿದ್ದರು.

ತಿಥಿ ಮುಗಿದು ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಅವನು ದೊಡ್ಡಬಳ್ಳಾಪುರದ ಬಸ್ಸು ಹತ್ತಿದ. ದುಃಖಕ್ಕೆ ಹೋದದ್ದಲ್ಲ. ಅರವತ್ತಮೂರು ಚಾಕುಗಳಿಗೂ ಹಾಗೇ ಹೋಗಿದ್ದ, ಕಾಲಿಗೆ ಅಭ್ಯಾಸವಿತ್ತು. ಊರಾಚೆಯ ನರ್ಸರಿಗಳಲ್ಲಿ ಚಾಕುವನ್ನು ತೋರಿಸುತ್ತಾ ಹೋದ. ಮೊದಲಿನ ಎರಡು ಕಡೆ ತಲೆ ಅಲ್ಲಾಡಿಸಿದರು. ಮೂರನೆಯ ನರ್ಸರಿಯ ಭಾನುಪ್ರಕಾಶ್ ಎಂಬಾತ ಕೈಗೆ ತೆಗೆದುಕೊಂಡವನೇ ಆ ಕಡ್ಡಿಯ ಮೇಲೆ ಉಗುರಿಟ್ಟ.

"ಇದು ನನ್ ಸೈಕಲ್ ಕಡ್ಡಿ ಸಾರ್. ನಾನೇ ಹೊಡೆದುಕೊಟ್ಟಿದ್ದೆ. ಕೊಂಡಪ್ಪನ ಚಾಕು ಇದು. ಕಸಿ ಕಟ್ಟೋದ್ರಲ್ಲಿ ಅಂಥ ಕೈ ಇನ್ನೊಂದಿರ್ಲಿಲ್ಲ ಈ ಕಡೆ. ಹೋಗಿ ಮೂರು ವರ್ಷ ಆಯ್ತು. ಅವ್ರ ಹೆಂಡ್ತಿ ಪಾಪಮ್ಮ ಇದ್ದಾರೆ ನೋಡಿ, ದೊಡ್ಡಬೆಳವಂಗಲದಲ್ಲಿ. ನಿಮ್ಗೆಲ್ಲಿ ಸಿಕ್ತು?"

"ಸಿಕ್ತು" ಎಂದ ಕೆಂಪರಾಜ್.

ಪಾಪಮ್ಮನ ಮನೆ ಊರಿನ ಕೊನೆಯಲ್ಲಿತ್ತು. ಹಿತ್ತಲಲ್ಲಿ ಹಸಿರು ಬಲೆಯ ನೆರಳು, ಅದರಡಿ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲಾಗಿ ಮಾವಿನ ಸಸಿಗಳು. ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಕೈ ಮಾತ್ರ ನಡುಗುತ್ತಿತ್ತು. ಕೆಂಪರಾಜ್ ಚಾಕುವನ್ನು ಅವಳ ಮುಂದೆ ಹಿಡಿದ. ಅವಳು ಅದನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ನೀನು ಕೆಂಪರಾಜ ಅಲ್ವಾ? ಅವ್ರೆಲ್ಲಪ್ಪಾ? ಆರು ಭಾನುವಾರ ಆಯ್ತು. ಫೋನ್ ಮಾಡಿದ್ರೆ ಸ್ವಿಚ್ ಆಫ್ ಅಂತಿದೆ."

ಅಣ್ಣನ ಫೋನು ಬ್ಯಾಟರಿ ಸತ್ತು ಬೀರುವಿನಲ್ಲಿ ಬಿದ್ದಿತ್ತು. ಅದು ಆಗ ಅವನಿಗೆ ಹೊಳೆಯಿತು.

"ಅಣ್ಣ ಹೋಗ್ಬಿಟ್ರು ಅಮ್ಮಾ. ಇಲ್ಲಿಂದ ವಾಪಸ್ ಬರ್ತಾ, ಬಸ್ಸಲ್ಲೇ."

ಪಾಪಮ್ಮ ಅಲ್ಲೇ ಜಗಲಿಯ ಮೇಲೆ ಕೂತಳು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ತುಂಬ ಹೊತ್ತು ಸಸಿಗಳ ಕಡೆ ನೋಡುತ್ತಿದ್ದಳು. ಅವನು ನಿಂತೇ ಇದ್ದ. ಕೊನೆಗೆ ಅವಳೇ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನಿಗೆ ಕೊಟ್ಟಳು.

ಆಮೇಲೆ ಹೇಳಿದಳು. ಐದು ವರ್ಷದ ಹಿಂದೆ ಮುನಿಶಾಮಪ್ಪ ಸಸಿ ಕೊಳ್ಳಲು ಬಂದವನು ಕೊಂಡಪ್ಪ ಕಸಿ ಕಟ್ಟುವುದನ್ನು ನೋಡುತ್ತಾ ಮಧ್ಯಾಹ್ನದವರೆಗೂ ನಿಂತುಬಿಟ್ಟಿದ್ದ. ಮುಂದಿನ ಭಾನುವಾರ ಮತ್ತೆ ಬಂದ. ಎಡಗೈಯವನಿಗೆ ಬಲಗೈ ಚಾಕುವಿನಲ್ಲಿ ಕಲಿಸಲು ಕೊಂಡಪ್ಪ ಬಲು ಕಷ್ಟಪಟ್ಟ. ಕೊಂಡಪ್ಪ ತೀರಿಕೊಂಡ ಮೇಲೂ ಮುನಿಶಾಮಪ್ಪ ಬರುವುದನ್ನು ಬಿಡಲಿಲ್ಲ. ನರ್ಸರಿಗಳಿಗೆ ಒಪ್ಪಿಕೊಂಡಿದ್ದ ಸಸಿಗಳಿಗೆಲ್ಲ ಅವನೇ ಕಸಿ ಕಟ್ಟಿಕೊಟ್ಟ.

"ಊರವ್ರು ಏನೇನೋ ಅಂದ್ರು. ಅನ್ಲಿ ಬಿಡಿ ಅಂತಿದ್ರು ಇವ್ರು. ಊಟ ಮಾಡೋರು, ನಾಲ್ಕು ಮಾತು ಆಡೋರು, ಹೋಗೋರು. ಅಷ್ಟೇ ಕಣಪ್ಪಾ."

"ಅಣ್ಣ ಮಾತಾಡ್ತಿದ್ರಾ?"

"ಮಾತಾಡ್ತಿದ್ರಾ ಅಂತೀಯಲ್ಲ! ಬಾಯಿ ಮುಚ್ಚಿದ್ರೆ ತಾನೇ?" ಪಾಪಮ್ಮ ಕಣ್ಣೊರೆಸಿಕೊಂಡಳು. "ಎಲ್ಲಾ ನಿನ್ನ ವಿಷ್ಯವೇ. ನಮ್ ತಮ್ಮ ಚಾಕು ನೋಡಿದ್ರೆ ಸಾಕು, ಯಾರ್ದು ಅಂತ ಹೇಳ್ತಾನೆ ಅನ್ನೋರು. ಇದನ್ನ ನಿನಗೆ ತೋರಿಸ್ಬೇಕು ಅಂತ ಮೂರು ಸಲ ಜೇಬಿಗಿಟ್ಕೊಂಡು ಹೋಗಿದ್ರು. ಮೂರು ಸಲಾನೂ ತೋರಿಸ್ದೇ ವಾಪಸ್ ತಂದ್ರು. ಯಾಕ್ರೀ ಅಂದ್ರೆ, ತೋರಿಸಿದ್ರೆ ಅವ್ನು ಹುಡುಕ್ಕೊಂಡು ಇಲ್ಲಿಗೇ ಬಂದ್ಬಿಡ್ತಾನೆ, ಆಮೇಲೆ ಎಲ್ಲಾ ಹೇಳ್ಬೇಕಾಗುತ್ತೆ ಅಂತಿದ್ರು. ಕೊನೇ ಭಾನುವಾರ ತಗೊಂಡ್ಹೋಗಿದ್ದು ನಾಲ್ಕನೇ ಸಲ."

ಕೆಂಪರಾಜನಿಗೆ ಮಾತುಗಳೆಲ್ಲ ಸ್ಪಷ್ಟವಾಗಿ ಕೇಳಿಸಿದವು. ಆದರೆ ಪಕ್ಕದ ಮನೆಯಲ್ಲಿ ಯಾರಿಗೋ ಹೇಳುತ್ತಿರುವಂತೆ ಕೇಳಿಸಿದವು. ನಲವತ್ತು ವರ್ಷ ಒಂದೇ ಸೂರಿನಡಿ ಎದುರುಬದುರು ಕೂತು ಮುದ್ದೆ ಉಂಡಿದ್ದರು. ಅರವತ್ತಮೂರು ಅಪರಿಚಿತರ ಜೇಬಿನ ಕಥೆ ಅವನ ಬಳಿ ಇತ್ತು. ಇದನ್ನೆಲ್ಲ ಲೆಕ್ಕ ಹಾಕಿದ ಹಾಗೆ ಯೋಚಿಸಿದ. ಎದೆಯಲ್ಲಿ ಏನೂ ಕದಲಲಿಲ್ಲ. ಉಳಿದ ನೀರು ಕುಡಿದ.

ಚಾಕುವನ್ನು ಜಗಲಿಯ ಮೇಲಿಟ್ಟು, "ಇದು ನಿಮ್ದು" ಎಂದ.

ಪಾಪಮ್ಮ ಅದನ್ನು ಮುಟ್ಟಲಿಲ್ಲ. ನೆರಳಿನಡಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ, ಮಾವಿನ ಮರದಿಂದ ಕೊಯ್ದ ಕಸಿ ಕಡ್ಡಿಗಳನ್ನು ತೋರಿಸಿದಳು. "ನಿನ್ನೆ ತರಿಸ್ದೆ, ಇವತ್ತಾದ್ರೂ ಬರ್ತಾರೆ ಅಂತ. ನಾಳೆಗೆ ಒಣಗುತ್ವೆ. ನನ್ ಕೈಲಿ ಆಗಲ್ಲ. ನಿಂಗೆ ಬರುತ್ತಾ?"

ಅವನು ಇಷ್ಟು ವರ್ಷದಲ್ಲಿ ಯಾವ ಚಾಕುವಿನಿಂದಲೂ ಏನನ್ನೂ ಕೊಯ್ದಿರಲಿಲ್ಲ. ಬರಲ್ಲ ಎಂದ. "ಕೂತ್ಕೋ, ಹೇಳ್ಕೊಡ್ತೀನಿ" ಎಂದಳು.

ಸಸಿಯ ತಲೆ ಕತ್ತರಿಸಿ ನಡುವೆ ಸೀಳಬೇಕು. ಕಡ್ಡಿಯ ಬುಡವನ್ನು ಎರಡು ಕಡೆ ಓರೆಯಾಗಿ ಕೆತ್ತಿ ಆ ಸೀಳಿಗೆ ಇಳಿಸಬೇಕು. ತೊಗಟೆಗೆ ತೊಗಟೆ ಕೂಡಬೇಕು, ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಸುತ್ತಬೇಕು. ಅಳತೆ ಅವನ ಕಣ್ಣಿಗೆ ಗೊತ್ತಿತ್ತು, ಕೊಯ್ಯುವುದು ಕೈಗೆ ಗೊತ್ತಿರಲಿಲ್ಲ. ಮೊದಲ ಕಡ್ಡಿಗಳು ಹಾಳಾದವು. ಒಂದು ಸಲ ಅಲಗು ಜಾರಿ ಎಡ ಹೆಬ್ಬೆರಳು ಸೀಳಿತು. ರಕ್ತ ಚೀಲದ ಮಣ್ಣಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ಅವನು ಕಡ್ಡಿ ಕೆತ್ತುತ್ತಲೇ ಇದ್ದ. ಪಾಪಮ್ಮ ಅವನ ಕೈಯಿಂದ ಚಾಕುವನ್ನು ಕಿತ್ತುಕೊಂಡಳು.

"ನೋವಾಗಲ್ವೇನೋ ನಿಂಗೆ?"

ಅವನು ಬೆರಳನ್ನು ನೋಡಿಕೊಂಡ. "ಗೊತ್ತಾಗ್ಲಿಲ್ಲ ಅಮ್ಮಾ."

ಅವಳು ಅರಿಸಿನ ಹಚ್ಚಿ, ಕಸಿಗೆ ಸುತ್ತುವ ಅದೇ ಪಟ್ಟಿಯನ್ನು ಬೆರಳಿಗೆ ಸುತ್ತಿದಳು. ಬಿಸಿಲು ಇಳಿಯುವ ಹೊತ್ತಿಗೆ ಇಪ್ಪತ್ತಾರು ಸಸಿ ಕಟ್ಟಿದ್ದ.

ಮನೆಗೆ ಬಂದು ರುಕ್ಮಿಣಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಅತ್ತಳು. ಅವನು ಬೆರಳಿನ ಪಟ್ಟಿಯನ್ನು ನೋಡುತ್ತಾ ಕೂತಿದ್ದ. ಆ ತಿಂಗಳು ಗುಜರಿ ಅಂಗಡಿಯವನು ಒಳ್ಳೆಯ ಹಳೆ ಚಾಕು ಬಂದಿದೆ ಎಂದು ಎರಡು ಸಲ ಫೋನ್ ಮಾಡಿದರೂ ಹೋಗಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಬುಧವಾರ ಕಾರ್ಖಾನೆಯಲ್ಲಿದ್ದಾಗ ಪಾಪಮ್ಮನ ಫೋನ್ ಬಂತು. ಯಂತ್ರಗಳ ಸದ್ದಿನಲ್ಲಿ ಅವಳು ಕೂಗಿ ಹೇಳುತ್ತಿದ್ದಳು.

"ಇಪ್ಪತ್ತೆರಡು ಒಣಗಿಹೋದ್ವು ಕಣಪ್ಪಾ. ನಾಲ್ಕು ಹಿಡ್ದಿವೆ. ಕೆಂಪು ಚಿಗುರು ಬಂದಿದೆ."

"ಹೂಂ" ಎಂದ ಅವನು.

"ಕೇಳಿಸ್ತಾ?"

"ಕೇಳಿಸ್ತು. ಭಾನುವಾರ ಬರ್ತೀನಿ."

ಫೋನನ್ನು ಜೇಬಿಗಿಟ್ಟು ಮೇಜಿನ ಮೇಲಿದ್ದ ಮುಂದಿನ ಬಿಡಿಭಾಗವನ್ನು ಎತ್ತಿಕೊಂಡು ಅಳತೆ ನೋಡಿದ. ಸರಿಯಾಗಿತ್ತು. ಪಕ್ಕದ ಟ್ರೇಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡ.