‘ಆವ್ಯೂ’ ಅನ್ನದ ಸಗೀರಾ

ಬೆಳಗಿನ ಐದೂಕಾಲು. ಮುದ್ದೇಬಿಹಾಳದ ಗುಜ್ಜರ ಗಲ್ಲಿಯಲ್ಲಿ ಚಹಾದಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ. ತಮಗಿಂತ ಗೇಣುದ್ದ ಎತ್ತರದ ಕಬ್ಬಿಣದ ಚಾವಿ ಹೆಗಲಿಗೇರಿಸಿ, ಊರಿಗೆ ನೀರು ಬಿಡುವ ಸಗೀರಾ ಬರುತ್ತಾರೆ. ಸೆರಗು ಬಿಗಿದು, ವಾಲ್ವಿನ ಕುಣಿಯ ಮುಚ್ಚಳ ಸರಿಸಿ, ಚಾವಿ ಇಳಿಸಿ ಏಳು ಸುತ್ತು ತಿರುಗಿಸುತ್ತಾರೆ. ನೆಲದೊಳಗೆ ನೀರು ಗೊರಗೊರ ಅನ್ನುತ್ತದೆ. ಎರಡು ನಿಮಿಷದಲ್ಲಿ ಮೊದಲ ಮನೆಯಿಂದ ಕೂಗು: “ಆವ್ಯೂ!” ಅದು ಮನೆಯಿಂದ ಮನೆಗೆ ದಾಟಿ ಗಲ್ಲಿಯ ಕೊನೆ ಮುಟ್ಟುತ್ತದೆ.

ಆವ್ಯೂ ಅಂದರೆ ‘ಬಂತು’. ಗುಜರಾತಿ ಮಾತು. ಹತ್ತಿ ವ್ಯಾಪಾರಕ್ಕೆ ಬಂದು ನೆಲೆಸಿದ ಗುಜ್ಜರರ ಕೊನೆಯ ಮನೆಯವರು ಸೊಲ್ಲಾಪುರಕ್ಕೆ ಹೋಗಿ ಮೂವತ್ತು ವರ್ಷವೇ ಆಯಿತು. ಅವರ ವಾಡೆಯಲ್ಲೀಗ ಬಳೆ ಅಂಗಡಿ, ಪಕ್ಕದಲ್ಲಿ ಹಿಟ್ಟಿನ ಗಿರಣಿ, ಎದುರಿಗೆ ಸೈಕಲ್ ರಿಪೇರಿ. ಹತ್ತು ಗಂಟೆಯ ಮೇಲೆ ಇಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಗುಜ್ಜರರು ಹೋದರೂ ಅವರ ಅಜ್ಜಿಯೊಬ್ಬಳು ನಳದ ಮುಂದೆ ಕೂಗುತ್ತಿದ್ದ ಈ ಒಂದು ಮಾತು ಮಾತ್ರ ಊರು ಬಿಡಲಿಲ್ಲ. ಸಿಂದಗಿಯಿಂದ ಸೊಸೆಯಾಗಿ ಬಂದ ಶೈಲಶ್ರೀಯಂತೂ ಅದು ನೀರು ಬಿಡುವವರ ಹೆಸರೆಂದೇ ತಿಳಿದು, ತಿಂಗಳಿಡೀ “ಆವ್ಯೂ ಅಕ್ಕಾ, ಚಹಾ ಕುಡದ ಹೋಗ್ರಿ” ಎಂದು ಕರೆದರಂತೆ. “ನಗಬೇಕೋ ಚಹಾ ಕುಡೀಬೇಕೋ ತಿಳೀಲಿಲ್ರಿ. ಎರಡೂ ಮಾಡಿದ್ನಿ” ಎನ್ನುತ್ತಾರೆ ಸಗೀರಾ.

ಈ ಕೆಲಸ ಅವರ ತಂದೆ ಮಲಿಕಸಾಬರದು. ಅವರ ಮೊಣಕಾಲು ಸೋತಾಗ ಮಗಳು ಚಾವಿ ಹಿಡಿದರು. ಈಗ ಇಪ್ಪತ್ತೆರಡನೆಯ ವರ್ಷ. ಒಂಬತ್ತು ವಾಲ್ವು, ನಾನೂರ ಹನ್ನೆರಡು ಮನೆ, ಮೂರು ದಿನಕ್ಕೊಮ್ಮೆ ಒಂದೊಂದು ಭಾಗಕ್ಕೆ ಮುಕ್ಕಾಲು ತಾಸು ನೀರು. ಅಂಗೈ ತೋರಿಸಿದರೆ ಬೆರಳಿನ ಬುಡಕ್ಕೆಲ್ಲ ಗಟ್ಟಿ ಜಡ್ಡು. ಇಷ್ಟಾದರೂ ಇನ್ನೂ ಹೊರಗುತ್ತಿಗೆಯ ನೌಕರಿಯೇ. “ಹೆಣ್ಣಮಗಳು ವಾಲ್ವ್ ತಿರವತಾಳೇನು ಅಂತ ನಕ್ಕವರ ಇದ್ರು. ಈಗ ಐದು ಮಿನಿಟ ತಡಾ ಆದ್ರ ಅವರ ಫೋನ ಹಚ್ಚತಾರ್ರಿ.”

ಆ ನೌಕರಿಯೇ ಹೋಗುವ ಹೊತ್ತು ಕಳೆದ ವರ್ಷ ಬಂದಿತ್ತು. ಮಗಳ ಹೆರಿಗೆಗೆಂದು ಸಗೀರಾ ಎಂಟು ದಿನ ಇಂಡಿಗೆ ಹೋಗಿದ್ದರು. ಅಷ್ಟರಲ್ಲಿ ಗಲ್ಲಿಗೆ ಸಿಮೆಂಟ್ ರಸ್ತೆ ಬಿತ್ತು. ಏರಿನ ಅರವತ್ತಮೂರು ಮನೆಗಳಿಗೆ ನೀರು ಬಿಡುವ ಹಳೆಯ ವಾಲ್ವಿನ ಮೇಲೆ ಇದ್ದದ್ದು ನೆಲಸಮದ ಒಂದು ಕಲ್ಲುಚಪ್ಪಡಿ. ಅದೂ ರಸ್ತೆಯಡಿ ಹೋಯಿತು. ಸಗೀರಾ ಊರಿಗೆ ಹೋಗುವ ಮುನ್ನ ಬಂದ್ ಮಾಡಿದ್ದ ವಾಲ್ವು, ಬದಲಿಗೆ ಬಂದ ಆಳಿಗೆ ಸಿಗದೆ, ಬಂದ್ ಆಗಿಯೇ ಉಳಿಯಿತು.

ಮೊಮ್ಮಗನ ಮುಖ ನೋಡಿ ಖುಷಿಯಿಂದ ಬಂದವರನ್ನು ಖಾಲಿ ಕೊಡಗಳು ಎದುರುಗೊಂಡವು. ಏರಿನ ಮೇಲಿನ ಮನೆಯ ಸಿದ್ದಲಿಂಗವ್ವ ಸೊಂಟಕ್ಕೆ ಕೈಯಿಟ್ಟು, “ನಮ್ಮ ನೀರ ಎಲ್ಲಿ ಹುಗಿದೀಯವಾ?” ಎಂದು ಗದರಿಸಿದರು. ಪುರಸಭೆಯ ಜೂನಿಯರ್ ಎಂಜಿನಿಯರ್ ಸುಜಯೀಂದ್ರ ನಕ್ಷೆ ತಂದು, ಅದು ತೋರಿಸಿದ ಕಡೆ ರಸ್ತೆ ಒಡೆಸಿದರು. ಸಿಕ್ಕಿದ್ದು ಬರೀ ಗರಸು ಮಣ್ಣು.

“ಗುಜ್ಜರ ವಾಡೆದ ಹೊಸ್ತಿಲದಿಂದ ಲೈಟಿನ ಕಂಬದ ಕಡೆ ಹನ್ನೊಂದು ಹೆಜ್ಜಿ, ಸಾಹೇಬ್ರ. ನಮ್ಮ ಅಬ್ಬಾ ಹೇಳಿದ ಲೆಕ್ಕ. ಚಪ್ಪಡಿ ಕಣ್ಣಿಗೆ ಕಾಣತಿತ್ತಂತ ನಾ ಎಂದೂ ಎಣಿಸಿ ನೋಡಿಲ್ರಿ” ಎಂದರು ಸಗೀರಾ.

“ನೋಡ್ರಿ ಸಗೀರಾಬಾಯಿ,” ಎಂಜಿನಿಯರು ಬೆವರು ಒರೆಸಿಕೊಂಡರು, “ಹೊಸಾ ರಸ್ತಾ ಅದ. ಇನ್ನ ಒಂದ ಕಡೆ ಒಡೀಲಿಕ್ಕೆ ಬಿಡ್ತೇನಿ. ಅಲ್ಲೂ ಸಿಗಲಿಲ್ಲಂದ್ರ ನಿಮ್ಮನ್ನ ಕೆಲಸದಾಗ ಇಟ್ಕೊಳ್ಳೋದು ನನ್ನ ಕೈಯಾಗ ಇರೂದಿಲ್ಲ.”

ಸಗೀರಾ ಹೊಸ್ತಿಲಿಗೆ ಹಿಮ್ಮಡಿ ಒತ್ತಿ ನಡೆದರು. ಹನ್ನೊಂದಕ್ಕೆ ನಿಂತರು. ಕೂಲಿಯವ ಒಡೆಯುವ ಮಷೀನು ಎತ್ತಿದ. “ಏ ತಡಿಯಪಾ!” ಸಗೀರಾ ಚೀರಿದರು. ಚಿಕ್ಕವರಿದ್ದಾಗ ಅಪ್ಪನ ಹಿಂದೆ ಕಂದೀಲು ಹಿಡಿದು ಓಡೋಡಿ ಬರುತ್ತಿದ್ದದ್ದು ಆಗ ನೆನಪಾಯಿತು. ಅಪ್ಪ ಆರಡಿಯ ಆಳು. ಹೆಜ್ಜೆ ಅವರವು, ಎಣಿಸಿದ್ದು ತಮ್ಮ ಕಾಲಿನಿಂದ!

ಅಪ್ಪನಷ್ಟೇ ಎತ್ತರದವನು ಗಲ್ಲಿಯಲ್ಲಿ ಒಬ್ಬನೇ, ಸೈಕಲ್ ಅಂಗಡಿಯ ಜಾಹಿದ. ಅವನನ್ನು ಕರೆದು ಹೊಸ್ತಿಲ ಮೇಲೆ ನಿಲ್ಲಿಸಿದರು. ಇಡೀ ಗಲ್ಲಿಯೇ ನೋಡುತ್ತಿದೆ. ಜಾಹಿದ ನಾಚಿ ಸಣ್ಣ ಸಣ್ಣ ಹೆಜ್ಜೆಯಿಟ್ಟ. “ಕನ್ಯಾ ನೋಡಾಕ ಬಂದಂಗ ನಡೀಬ್ಯಾಡೋ! ನೀರ ಬಿಡಾಕ ಹೊಂಟಂಗ ನಡಿ!” ಎಂದು ಸಗೀರಾ ಗದರಿದರು. ಜನ ನಕ್ಕರು. ಜಾಹಿದ ತಿರುಗಿ ಹೋಗಿ, ಈ ಸಲ ದಾಪುಗಾಲು ಹಾಕಿ ಬಂದು ಹನ್ನೊಂದಕ್ಕೆ ನಿಂತ. ಸಗೀರಾ ನಿಂತಿದ್ದ ಜಾಗಕ್ಕಿಂತ ಎರಡು ಮಾರು ಆಚೆ.

“ಇಲ್ಲೇ ಒಡೀರಿ” ಎಂದರು ಸಗೀರಾ.

ಸಿಮೆಂಟು ಹೋಯಿತು, ಜಲ್ಲಿ ಹೋಯಿತು, ಮಣ್ಣು ಬಂತು. ಆಮೇಲೆ ಹಾರೆ ಕಲ್ಲಿಗೆ ತಾಗಿ ಠಣ್ ಅಂದಿತು. ಚಪ್ಪಡಿ! ಸಗೀರಾ ಯಾರನ್ನೂ ಕಾಯದೆ ಅದನ್ನು ಸರಿಸಿ, ಕುಣಿಗೆ ಇಳಿದು ಚಾವಿ ತಿರುಗಿಸಿದರು. ಏರಿನವರು ತಮ್ಮ ತಮ್ಮ ನಳದ ಕಡೆ ಓಡಿದರು. ಏರಿನ ತುದಿಯಿಂದ ಸಿದ್ದಲಿಂಗವ್ವನ ಒಡೆದ ದನಿ ಕೇಳಿತು: “ಆವ್ಯೂ!” ಮತ್ತೆ ಅರವತ್ತಮೂರು ಮನೆ ಒಟ್ಟಿಗೇ ಕೂಗಿಕೊಂಡವು. ಎಂಜಿನಿಯರ್ ಸಾಹೇಬರೂ ಕೂಗಿಬಿಟ್ಟರೆಂದು ಜಾಹಿದ ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

ಈಗ ಅಲ್ಲಿ ಗಟ್ಟಿಮುಟ್ಟಾದ ಕಬ್ಬಿಣದ ಮುಚ್ಚಳವಿದೆ. ಸಗೀರಾರ ನೌಕರಿಯೂ ಇದೆ. ಒಂಬತ್ತನೆಯ ವಾಲ್ವು ತಿರುಗಿಸಿ ಬಂದು, ಚಾವಿಯನ್ನು ಗೋಡೆಗೆ ಒರಗಿಸಿ ಚಹಾ ಹಿಡಿದು ಕೂತವರನ್ನು ನಿಮಗೇನು ಆಸೆ ಎಂದು ಕೇಳಿದರೆ ತಮ್ಮ ಮನೆಯ ಕಡೆ ಕೈ ತೋರಿಸುತ್ತಾರೆ. ಅವರ ಮನೆ ಇದೇ ಗಲ್ಲಿಯ ತಗ್ಗಿನಲ್ಲಿದೆ. ನೀರು ಬಂದಾಗ ಕೊಡ ತುಂಬುವವರು ಟೇಲರ್ ಕೆಲಸದ ಗಂಡ ಅಶ್ಫಾಕ.

“ಇಪ್ಪತ್ತೆರಡು ವರ್ಷ ಆತ್ರಿ. ನೀರ ಬಂದಾಗ ನಾ ಒಮ್ಮೆನೂ ಮನ್ಯಾಗಿಲ್ಲ. ಚಾವಿ ಹಿಡಕೊಂಡ ಕುಣಿ ಮುಂದ ನಿಂತಿರ್ತೇನಿ. ಕೂಗವ್ರು ಎಲ್ಲಾ ಮನ್ಯಾಗ ಇದ್ದವ್ರ” ಎಂದು ನಗುತ್ತಾರೆ. “ಕೆಲಸ ಬಿಟ್ಟ ಮ್ಯಾಲ ಒಂದ ದಿನ ನಮ್ಮನಿ ನಳದ ಮುಂದ ಕೊಡ ಇಟ್ಕೊಂಡ ಕುಂದರಬೇಕ್ರಿ. ಎಲ್ಲಾರಕ್ಕಿಂತ ಮದಲ ನಾನ ‘ಆವ್ಯೂ’ ಅನಬೇಕು.”