ಮರಳುಗಾಡಿಗೆ ಹೋದ ಬನಶಂಕರಿಯ ಕಿಟಕಿಗಳು

ನಮ್ಮಕ್ಕ ಒಂಟೆಗಳ ಡಾಕ್ಟರು. ಹೀಗೆ ಹೇಳಿದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಹಸು ಅಂದರೆ ತಲೆಯಾಡಿಸುತ್ತಾರೆ, ನಾಯಿ ಅಂದರೆ ಫೋನ್ ನಂಬರ್ ಕೇಳುತ್ತಾರೆ, ಒಂಟೆ ಅಂದ ಕೂಡಲೇ ‘ಇವನು ಮತ್ತೆ ಶುರು ಮಾಡಿದ’ ಎನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಬೀದಿಯ ಎಲ್ಲರ ಧ್ವನಿ ತೆಗೆದು ಕಾಡಿಸುವವನು ನಾನು. ನಿಜ ಹೇಳಿದರೂ ಮಿಮಿಕ್ರಿಯಂತೆಯೇ ಕೇಳಿಸುತ್ತದೆ. ಆದರೆ ಅಕ್ಕ ರಾಜಸ್ಥಾನದ ಮರುಭೂಮಿಯ ಅಂಚಿನಲ್ಲಿರುವ ಒಂದು ಊರಿನಲ್ಲಿ ಒಂಟೆಗಳಿಗೆ ಔಷಧ ಕೊಡುತ್ತಾಳೆ. ಅವು ಅವಳ ಮೇಲೆ ಉಗುಳುತ್ತವೆ. ಅವಳು ಖುಷಿಯಾಗಿದ್ದಾಳೆ.

ಆ ಖುಷಿಗೆ ಇದ್ದ ಒಂದೇ ಅಡ್ಡಿ ಅವಳ ಉಬ್ಬಸ. ಚಿಕ್ಕಂದಿನಿಂದಲೂ ಧೂಳು ಕಂಡರೆ ಅವಳಿಗೆ ಆಗದು. ಜಯನಗರದಲ್ಲಿ ಯಾರಾದರೂ ಅಂಗಡಿ ಮುಂದೆ ಪೊರಕೆ ಎತ್ತಿದರೆ ಸಾಕು, ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ಅಂಥವಳು ಮರಳೇ ಮನೆಮಠವಾಗಿರುವ ಊರಿಗೆ ಹೋಗಿ ಕೂತಳು. ಮೊದಲ ಬೇಸಿಗೆಯಲ್ಲೇ ಬಾಡಿಗೆ ಮನೆಯೊಳಗೆ ಧೂಳು ನುಗ್ಗಿ ಆಸ್ಪತ್ರೆ ಸೇರಬೇಕಾಯಿತು. ಅಮ್ಮ ವಿಮಾನ ಹತ್ತಿ ಹೋಗಿ ನೋಡಿಕೊಂಡು ಬಂದಳು. ಬಂದವಳೇ ಫೋನಿನಲ್ಲಿ ತೀರ್ಪು ಕೊಟ್ಟಳು.

“ಇನ್ನೊಂದು ಬೇಸಿಗೆ ನೋಡ್ತೀನಿ. ಮತ್ತೆ ಹಂಗೇ ಆಯ್ತೋ, ಒಂಟೆಗೆಲ್ಲ ಟಾಟಾ ಮಾಡಿ ಬಂದ್ಬಿಡು. ಜೆ.ಪಿ. ನಗರದಲ್ಲಿ ಕ್ಲಿನಿಕ್ ಇಡು. ಇಲ್ಲಿ ನಾಯಿಗಳಿಗೇನು ಕಾಯಿಲೆ ಬರಲ್ವಾ?”

“ಆಯ್ತಮ್ಮ” ಅಂದಳು ಅಕ್ಕ. ಇಷ್ಟು ಬೇಗ ಒಪ್ಪುವವಳೇ ಅಲ್ಲ ಅವಳು. ಎಷ್ಟು ಹೆದರಿದ್ದಾಳೆಂದು ನನಗೆ ಆಗ ತಿಳಿಯಿತು.

ಅಷ್ಟರಲ್ಲಿ ಅವಳು ಅಲ್ಲಿ ಎರಡು ಕೋಣೆಯ ಪುಟ್ಟ ಮನೆ ಕಟ್ಟಿಸಲು ಶುರು ಮಾಡಿದ್ದಳು. ಅಪ್ಪನಿಗೆ ಬನಶಂಕರಿಯಲ್ಲಿ ಮರದ ಬಾಗಿಲು, ಕಿಟಕಿ ಮಾಡುವ ಸಣ್ಣ ಕಾರ್ಖಾನೆಯಿದೆ. ಡಿಗ್ರಿ ಮುಗಿಸಿದ ನಾನು ಅಲ್ಲಿ ಮ್ಯಾನೇಜರು. ಅಂದರೆ ಕಾಫಿ ತರುವವನು. ಅಪ್ಪ ಜಾಸ್ತಿ ಮಾತಾಡಲಿಲ್ಲ. “ಕಿಟಕಿ ನಂದು” ಅಂದ. ಅಮ್ಮ ಅವನನ್ನು ನೋಡಿದ ನೋಟದಲ್ಲಿ, ನೀವೂ ಅವಳ ಪಾರ್ಟಿಗೆ ಸೇರಿದ್ರಾ ಎಂಬ ಪ್ರಶ್ನೆಯಿತ್ತು. ಅಪ್ಪ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಬಿಟ್ಟ.

ಕಿಟಕಿ ಆರಿಸುವ ಕೆಲಸ ವಿಡಿಯೋ ಕಾಲಿನಲ್ಲೇ ನಡೆಯಿತು. ಅಂಟಿನ ಡಬ್ಬಿಗೆ ಫೋನ್ ಒರಗಿಸಿಟ್ಟು ಅಪ್ಪ ಅದರ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದ.

“ಅಪ್ಪ, ಇಲ್ಲಿ ಎಲ್ಲಾ ಸ್ಲೈಡಿಂಗ್ ಹಾಕಿಸ್ತಿದಾರೆ.”

“ಹಾಕಿಸ್ಲಿ ಬಿಡು. ಆ ಹಳಿ ತುಂಬ ಮರಳು ಕೂತ್ರೆ ಕಿಟಕಿ ಓಡುತ್ತಾ? ತೆವಳುತ್ತೆ. ಕೀಲಿನ ಮೇಲೆ ತಿರುಗೋ ಕದದ ಕಿಟಕಿನೇ ಸರಿ ನಿಂಗೆ. ಹಿಡಿ ತಿರುಗಿಸಿದ್ರೆ ನಾಲ್ಕೂ ಕಡೆ ರಬ್ಬರ್ ಮೇಲೆ ಒತ್ಕೊಂಡು ಕೂರುತ್ತೆ. ಹೊರಕ್ಕೆ ತೆಗೆಯೋ ಹಂಗೆ ಮಾಡ್ತೀನಿ. ಗಾಳಿ ಹೊಡೆದಷ್ಟೂ ಇನ್ನೂ ಬಿಗಿಯಾಗುತ್ತೆ.”

“ಅಲ್ಯುಮಿನಿಯಂ?”

“ಮಧ್ಯಾಹ್ನದ ಹೊತ್ತು ಅದರ ಮೇಲೆ ದೋಸೆ ಹುಯ್ಕೋಬಹುದು. ಮರಾನೇ ಇರ್ಲಿ.”

ಮರ ಒಣಹವೆಗೆ ಕುಗ್ಗುತ್ತದೆಂದು ಅಪ್ಪ ಚೆನ್ನಾಗಿ ಒಣಗಿದ ತೇಗವನ್ನೇ ಹುಡುಕಿ ತಂದ. ಗಾಜು ಎರಡು ಪದರ. ಪಡುವಣ ಗೋಡೆಗೆ ಕಿಟಕಿಯೇ ಬೇಡವೆಂದ. ಹಗಲೆಲ್ಲ ಮುಚ್ಚಿಟ್ಟು ಹೊತ್ತು ಮುಳುಗಿದ ಮೇಲೆ ತೆಗೆಯಬೇಕು ಎಂದು ಅವನು ಹೇಳಿದ್ದನ್ನು ಕೇಳಿ, ಬೆಳಗ್ಗೆ ಎದ್ದ ಕೂಡಲೇ ಮನೆಯ ಕಿಟಕಿಗಳನ್ನೆಲ್ಲ ತೆರೆದಿಡುವ ಅಮ್ಮ ಹಿಂದಿನಿಂದ ಕೂಗಿದಳು: “ಅದೇನು ಕಿಟಕಿನೋ ಗೂಬೆನೋ?”

ನಾನು ಗೂಬೆಯ ಹಾಗೆ ಕೂಗಿದೆ. ಅಪ್ಪ ಮರದ ಚೂರೊಂದನ್ನು ನನ್ನ ಕಡೆ ಎಸೆದ.

ದೊಡ್ಡ ಜಗಳ ಆಗಿದ್ದು ಎಣ್ಣೆಗೆ. ಆಯುಧಪೂಜೆಗೆ ಊರಿನ ಕೀಲಿಗೆಲ್ಲ ಎಣ್ಣೆ ಬಿಡುವ ಮನುಷ್ಯ ನಮ್ಮಪ್ಪ. ಅಕ್ಕ ಮೆಲ್ಲಗೆ, “ಅಪ್ಪ, ಇಲ್ಲಿ ಎಣ್ಣೆ ಹಾಕಿದ್ರೆ ಮರಳು ಅಂಟ್ಕೊಂಡು ಕೀಲು ಸವೆದು ಹೋಗುತ್ತೆ ಅಂತಾರೆ” ಅಂದಳು. ಊಟದಲ್ಲಿ ಸಾರು ಬಡಿಸುವುದಿಲ್ಲ ಎಂದವರನ್ನು ನೋಡುವ ಹಾಗೆ ಅವನು ಫೋನನ್ನು ನೋಡಿದ. ಆಮೇಲೆ ಎರಡು ದಿನ ಮುನಿಸಿಕೊಂಡಿದ್ದು, ಪೆನ್ಸಿಲ್ ಸೀಸವನ್ನು ಪುಡಿ ಮಾಡಿ ಕೀಲಿಗೆ ತುಂಬಿದ. ಕದ ಬೆಣ್ಣೆಯಂತೆ ತಿರುಗಿತು. “ವಾರಕ್ಕೊಮ್ಮೆ ಒಣ ಬ್ರಷ್‌ನಲ್ಲಿ ಕೀಲು ಉಜ್ಜು, ರಬ್ಬರನ್ನ ಒದ್ದೆ ಬಟ್ಟೇಲಿ ಒರೆಸು” ಎಂದು ಅವನು ಅಕ್ಕನಿಗೆ ಹೇಳಿದ ಹೊಸ ಪಾಠವನ್ನು ನಾನು ಅವನದೇ ಕೆಮ್ಮು ಸೇರಿಸಿ ಬೀದಿಗೆಲ್ಲ ಒಪ್ಪಿಸಿದೆ.

ಕಿಟಕಿಗಳು ಲಾರಿ ಹತ್ತಿ ಹೋದವು, ಗೋಡೆ ಸೇರಿದವು. ಚಳಿಗಾಲ ಚೆನ್ನಾಗಿ ಕಳೆಯಿತು. ಬೇಸಿಗೆ ಕಾಲಿಟ್ಟ ಮೇಲೆ ಒಂದು ಮಧ್ಯಾಹ್ನ ಅಕ್ಕನ ಕಾಲ್ ಬಂತು. ಮೊದಲು ಕೇಳಿಸಿದ್ದೇ ಅವಳ ಕೆಮ್ಮು.

“ಬೆಳಗ್ಗೆ ಬಿರುಗಾಳಿ ಬಂತು. ಒಳಗೆಲ್ಲ ಧೂಳು, ಅಪ್ಪ. ಇನ್‌ಹೇಲರ್ ಎಳ್ಕೊಂಡಿದೀನಿ, ಪರವಾಗಿಲ್ಲ.”

“ಹಿಡಿ ಪೂರ್ತಿ ತಿರುಗಿಸಿದ್ಯಾ?”

“ತಿರುಗಿಸಿದೀನಿ.”

“ರಬ್ಬರ್ ಎದ್ದಿದೆಯಾ? ಮರ ಕುಗ್ಗಿದೆಯಾ?”

“ಇಲ್ಲಪ್ಪ, ಕಾಗದ ತೂರಿಸಕ್ಕೂ ಆಗಲ್ಲ.”

ಆ ಸಂಜೆ ಅಮ್ಮ ಪಕ್ಕದ ಮನೆ ಆಂಟಿಯ ಹತ್ತಿರ, ಜೆ.ಪಿ. ನಗರದ ಕಡೆ ಅಂಗಡಿ ಬಾಡಿಗೆ ಹೇಗಿದೆ ಎಂದು ವಿಚಾರಿಸಿದಳು. ಅಪ್ಪನ ಕಿವಿಗೆ ಬೀಳಲಿ ಅಂತಲೇ ವಿಚಾರಿಸಿದಳು.

ಮಾರನೆಯ ದಿನ ಅಪ್ಪ ವಸಂತಪುರದ ಒಂದು ಮನೆಗೆ ಕಿಟಕಿ ಮುಗಿಸುತ್ತಿದ್ದ. ಅಕ್ಕ ಮತ್ತೆ ವಿಡಿಯೋದಲ್ಲಿ ಬಂದಳು. “ಒಂದು ವಿಚಿತ್ರ ನೋಡಪ್ಪ” ಎಂದು ಕಿಟಕಿಯ ಬುಡ ತೋರಿಸಿದಳು. ಒಳಬದಿಯಲ್ಲಿ, ಚೌಕಟ್ಟಿನ ಕೆಳಗಿನ ಪಟ್ಟಿಯ ಮೇಲೆ ಮರಳು ಸಣ್ಣ ಸಣ್ಣ ಗುಪ್ಪೆಯಾಗಿ ಕೂತಿತ್ತು. ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ, ರಂಗೋಲಿಗೆ ಚುಕ್ಕಿ ಇಟ್ಟಷ್ಟು ನೀಟಾಗಿ.

ಅಪ್ಪನ ಕೈಯಲ್ಲಿ ಡ್ರಿಲ್ ಇತ್ತು. ಫೋನ್ ನೋಡಿದ, ಎದುರಿಗಿದ್ದ ವಸಂತಪುರದ ಕಿಟಕಿ ನೋಡಿದ, ಡ್ರಿಲ್ ಕೆಳಗಿಟ್ಟ.

ನಮ್ಮ ಕಾರ್ಖಾನೆಯಿಂದ ಹೋಗುವ ಪ್ರತಿ ಕಿಟಕಿಗೂ ಅಪ್ಪ ಕೊನೆಯಲ್ಲಿ ಮಾಡುವ ಕೆಲಸವೊಂದಿದೆ. ಚೌಕಟ್ಟಿನ ಬುಡದಲ್ಲಿ ಹೊರಕ್ಕೆ ಇಳಿಜಾರಾಗಿ ಸಣ್ಣ ತೂತುಗಳನ್ನು ಕೊರೆಯುತ್ತಾನೆ. ಎರಚಲು ಹೊಡೆದು ರಬ್ಬರ್ ದಾಟಿ ಒಳಸಂದಿಯಲ್ಲಿ ನಿಂತ ಮಳೆನೀರು ಅದರಲ್ಲಿ ಹರಿದುಹೋಗಬೇಕು. ಆ ತೂತು ಇಲ್ಲದಿದ್ದರೆ ನಮ್ಮೂರಿನ ಒಂದು ಸಂಜೆಯ ಮಳೆಗೆ ಮನೆಯೊಳಗೆ ನೀರು, ಮಾರನೆಯ ಬೆಳಗ್ಗೆ ಬಾಗಿಲಲ್ಲಿ ಗಿರಾಕಿ. ಹಾಗಾಗಿ ಇದನ್ನು ಅಪ್ಪ ಯೋಚಿಸಿ ಮಾಡುವುದಿಲ್ಲ, ಅವನ ಕೈ ಮಾಡುತ್ತದೆ. ಅಕ್ಕನ ಕಿಟಕಿಗಳಿಗೂ ಮಾಡಿತ್ತು. ಗಾಜು, ರಬ್ಬರು, ಎಣ್ಣೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ನಾವು, ಅಲ್ಲಿ ಮಳೆಯೆಲ್ಲಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಮ್ಯಾನೇಜರ್ ಸಾಹೇಬರಂತೂ ಆ ತೂತುಗಳ ಫೋಟೊ ತೆಗೆದು, ‘ಸಖತ್ ಫಿನಿಶಿಂಗ್’ ಎಂದು ಬರೆದು ಎಲ್ಲರಿಗೂ ಕಳಿಸಿದ್ದರು.

“ನಾನೇ ದಾರಿ ಕೊರೆದು ಕಳಿಸಿದೀನಲ್ಲಮ್ಮ” ಅಂದ ಅಪ್ಪ. ಹಲಗೆಯ ಮೇಲೆ ಕುಸಿದು ಕೂತ. “ನಿನ್ನ ಮೂಗಿಗೇ.”

ನನ್ನ ಬಾಯಿಗೆ ಒಂದು ಜೋಕು ಬಂದಿತ್ತು. ಅವನ ಕುತ್ತಿಗೆ ಬಗ್ಗಿದ್ದು ನೋಡಿ ನುಂಗಿಕೊಂಡೆ. ಫೋನಿನಿಂದ ಅಕ್ಕನೇ ನೆರವಿಗೆ ಬಂದಳು: “ಅಯ್ಯೋ ಅಪ್ಪ, ಜ್ವರ ಬಂದಿರೋ ಒಂಟೆ ಥರ ಮುಖ ಮಾಡ್ಕೋಬೇಡ. ತೂತು ತಾನೆ? ಮುಚ್ಚೋದು ಹೇಗೆ ಹೇಳು.”

ಆ ವಾರ ಅಪ್ಪ ಅದೇ ತೇಗದ ಉಳಿದ ತುಂಡಿನಲ್ಲಿ ಬೆರಳುಗುರಿನಷ್ಟು ಬೆಣೆಗಳನ್ನು ಕೆತ್ತಿದ. ಒಂದೊಂದನ್ನೂ ತನ್ನ ಕೆನ್ನೆಗೆ ಉಜ್ಜಿ ನುಣುಪು ನೋಡಿದ. ಪ್ರತಿಯೊಂದಕ್ಕೂ ಹಿಡಿದು ಕೀಳಲು ಬರುವಂತೆ ಪುಟ್ಟ ತಲೆ ಬಿಟ್ಟಿದ್ದ. ಕೊರಿಯರ್ ತಲುಪಿದ ದಿನ ಅಕ್ಕ ವಿಡಿಯೋ ಮುಂದೆ ಸುತ್ತಿಗೆ ಹಿಡಿದು ಕೂತಳು.

“ಮೆಲ್ಲಗೆ ಹೊಡಿಯಮ್ಮ. ಮರ ಅದು, ಒಂಟೆ ಅಲ್ಲ.”

“ಒಂಟೆಗೆ ನಾನು ಸುತ್ತಿಗೇಲಿ ಹೊಡಿಯಲ್ಲಪ್ಪ. ಈ ತಲೆ ಯಾಕೆ ಇದಕ್ಕೆ?”

“ಅಕಸ್ಮಾತ್ ಮಳೆ ಬಂದ್ರೆ ಕಿತ್ತಿಡು.”

ಅಕ್ಕ ನಕ್ಕಳು. “ಇಲ್ಲಿ ಮಳೆ ಬಂದ್ರೆ ನಾನೇ ಅಂಗಳದಲ್ಲಿ ಹೋಗಿ ನಿಂತ್ಕೋತೀನಿ, ಕಿಟಕಿ ಯಾರು ನೋಡ್ತಾರೆ?”

ಅಪ್ಪ ನಗಲಿಲ್ಲ. ಇನ್ನೂ ಒಂದು ಬಿರುಗಾಳಿ ಬರಬೇಕಿತ್ತು. ಅದು ಬರಲಿ ಎಂದು ಕಾಯುವುದೋ, ಬಾರದಿರಲಿ ಎಂದು ಬೇಡುವುದೋ ಗೊತ್ತಾಗದೆ ನಾವೆಲ್ಲ ಆ ಊರಿನ ಹವಾಮಾನವನ್ನು ನಮ್ಮೂರಿನದಕ್ಕಿಂತ ಹೆಚ್ಚಾಗಿ ನೋಡತೊಡಗಿದೆವು.

ಒಂದು ಸಂಜೆ ಅದು ಬಂದೇ ಬಂತು. ಅಮ್ಮ ಕಾರ್ಖಾನೆಗೆ ತಿಂಡಿ ತಂದಿದ್ದಳು. ಫೋನಿನ ಪರದೆಯಲ್ಲಿ ಅಕ್ಕನ ಕಿಟಕಿಯಾಚೆಗಿನ ಆಕಾಶ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಆಮೇಲೆ ಎದುರಿನ ಮರ ಕಾಣದಾಯಿತು. ಗಾಳಿ ಕದಗಳಿಗೆ ಬಡಿಯುವ ಸದ್ದು ಇಲ್ಲಿಗೂ ಕೇಳುತ್ತಿತ್ತು. ಅಪ್ಪ ಎರಡೂ ಕೈಯಿಂದ ಹಲಗೆಯ ಅಂಚು ಹಿಡಿದುಕೊಂಡಿದ್ದ. ಎಲ್ಲ ತಣ್ಣಗಾದ ಮೇಲೆ ಅಕ್ಕ ಕಿಟಕಿಯ ಬುಡದ ಮೇಲೆ ಬೆರಳೆಳೆದು ನಮಗೆ ತೋರಿಸಿದಳು. ಬೆರಳು ಸ್ವಚ್ಛವಾಗಿತ್ತು.

“ಬೆರಳು ಹಂಗಿರ್ಲಿ” ಅಂದಳು ಅಮ್ಮ. ಅಪ್ಪನ ಮುಂದಿದ್ದ ಫೋನ್ ಎತ್ತಿಕೊಂಡಳು. “ಆ ಫ್ಯಾನ್ ಆರಿಸ್ರೀ. ಲೋ, ನೀನು ಬಾಯಿ ಮುಚ್ಚು. ಹ್ಞೂಂ ಕಣೇ, ಈಗ ಉಸಿರು ಎಳ್ಕೋ. ಜೋರಾಗಿ. ನಂಗೆ ಕೇಳಿಸ್ಬೇಕು.”

ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಹೊರಗೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ಅಮ್ಮ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. “ಇನ್ನೊಂದು ಸಲ” ಅಂದಳು. ಕೇಳಿದಳು. “ಇನ್ನೊಂದು.” ನನಗೆ ಏನೂ ಕೇಳಿಸಲಿಲ್ಲ, ಅಮ್ಮನ ಹುಬ್ಬುಗಳ ನಡುವಿನ ಗಂಟು ಸಡಿಲವಾಗಿದ್ದಷ್ಟೇ ಕಾಣಿಸಿತು.

ಅವಳು ಸೆರಗಿನಿಂದ ಫೋನ್ ಒರೆಸಿ, ಮುಖದೆದುರು ಹಿಡಿದುಕೊಂಡಳು. ಜೆ.ಪಿ. ನಗರದ ಸುದ್ದಿಯನ್ನೇ ಎತ್ತಲಿಲ್ಲ.

“ಕಿಟಕಿಗೆ ಪರದೆ ಹಾಕ್ಕೊಂಡಿಲ್ವಲ್ಲೇ, ಬಿಸಿಲು ಮುಖಕ್ಕೇ ಹೊಡಿಯುತ್ತೆ. ಯಾವ ಬಣ್ಣ ಬೇಕು ಹೇಳು, ಹೊಲಿದು ಕಳಿಸ್ತೀನಿ” ಅಂದಳು.

ಅಪ್ಪ ಕಿವಿಯಿಂದ ಪೆನ್ಸಿಲ್ ತೆಗೆದು, ಒಂದು ಹಲಗೆ ಚೂರಿನ ಮೇಲೆ ಕಿಟಕಿಯ ಅಳತೆ ಬರೆದು ಅಮ್ಮನ ಕೈಗೆ ಕೊಟ್ಟ.